ನೀರುನಾಯಿ ಒತ್ತಿದ ಜಾಗ

ಹೊಳೆಯ ಮಡುವಿನಲ್ಲಿ ಮೀನು ಹಿಡಿಯುತ್ತಿದ್ದ ತಾಯಿ ನೀರುನಾಯಿಯ ಹಿಂಗಾಲನ್ನು ಮೊಸಳೆಯೊಂದು ಕಚ್ಚಿ ಹಿಡಿಯಿತು. ನೀರುನಾಯಿ ಅದರ ಬೆನ್ನು ಪರಚಿತು, ಕತ್ತನ್ನು ಕಚ್ಚಿತು.

"ಯಾಕೆ ಸುಮ್ಮನೆ ದಣಿಯುತ್ತೀಯೆ? ಕಲ್ಲು ಬಿದ್ದರೂ ನನ್ನ ಚರ್ಮಕ್ಕೆ ತಿಳಿಯುವುದಿಲ್ಲ" ಎಂದಿತು ಮೊಸಳೆ, ಹಿಡಿತ ಸಡಿಲಿಸದೆ.

ದಡದಲ್ಲಿದ್ದ ಮರಿಗಳು ಚೀರಿದವು. ಆ ಕೂಗು ಕೇಳಿ ನೀರುನಾಯಿ ಒದ್ದಾಟ ನಿಲ್ಲಿಸಿ, ಮೊಸಳೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿತು. ಅಷ್ಟು ದೊಡ್ಡ ಮೈಯಲ್ಲಿ ಮೆತ್ತಗೆ ಕಂಡದ್ದು ಕಣ್ಣು ಮಾತ್ರ. ಬಾಗಿ, ಮುಂಗಾಲಿನಿಂದ ಅದನ್ನು ಬಲವಾಗಿ ಒತ್ತಿತು. ಮೊಸಳೆ ನರಳಿ ಬಾಯಿ ತೆರೆಯಿತು. ನೀರುನಾಯಿ ತಕ್ಷಣ ಒತ್ತುವುದನ್ನು ಬಿಟ್ಟು, ಈಜಿ, ಕುಂಟುತ್ತಾ ದಡ ಹತ್ತಿತು.

ಮೊಸಳೆ ರೆಪ್ಪೆ ಬಡಿಯಿತು. ಕಣ್ಣು ಕಾಣುತ್ತಲೇ ಇತ್ತು.

"ನಿನಗೆ ಉಗುರುಗಳಿವೆ. ಯಾಕೆ ಕೀಳಲಿಲ್ಲ?"

"ನನಗೆ ಬೇಕಿದ್ದದ್ದು ನನ್ನ ಕಾಲು, ನಿಮ್ಮ ಕಣ್ಣಲ್ಲ."

ಮೊಸಳೆ ನೀರಿನಲ್ಲಿ ಮುಳುಗಿತು.

ಸಂಜೆಯಾಗುವಷ್ಟರಲ್ಲಿ ಮರಿಗಳಿಗೆ ಹೊಸ ಆಟ ಸಿಕ್ಕಿತ್ತು. ಒಂದು ಹಿಡಿಯುವುದು, ಇನ್ನೊಂದು ಅದರ ಮೆತ್ತನೆಯ ಜಾಗ ಹುಡುಕಿ ಒತ್ತುವುದು. ಕಿರಿಯ ಮರಿ ಒಮ್ಮೆ ಗೆದ್ದ ಖುಷಿಯಲ್ಲಿ ಒತ್ತುತ್ತಲೇ ಕುಳಿತಿತು.

ಗಾಯ ನೆಕ್ಕುತ್ತಿದ್ದ ತಾಯಿ ತಲೆಯೆತ್ತಿ ಹೇಳಿತು: "ಅಣ್ಣ ಹಿಡಿತ ಬಿಟ್ಟನಲ್ಲ ಮಗೂ, ಇನ್ನು ಓಡು!"