ನೆನೆದ ಕಡ್ಡಿ

ಒಂದು ಕಾಡಿನಲ್ಲಿ, ಸುತ್ತಲೂ ಗುಡ್ಡ, ನಡುವೆ ಬೋಗುಣಿಯಂಥ ತಗ್ಗು. ಆ ತಗ್ಗಿನಲ್ಲಿ ಪ್ರಾಣಿಗಳೆಲ್ಲ ಸೇರಿ ಒಂದು ಆಲೆಮನೆ ನಡೆಸುತ್ತಿದ್ದವು. ಗಾಣ ತಿರುಗಿಸುವುದು ಆನೆ, ಬೆಲ್ಲದ ಅಚ್ಚು ತುಂಬುವುದು ಮೊಲ, ಒಲೆಗೆ ಕಟ್ಟಿಗೆ ಹಾಕುವುದು ನರಿ. ನರಿಯ ಮನೆ ಗುಡ್ಡದ ಆಚೆ. ಆಲೆ ಮುಗಿಯುವ ತನಕ ಅದು ಹೆಂಡತಿ ಮಕ್ಕಳ ಮುಖ ನೋಡುತ್ತಿರಲಿಲ್ಲ.

ನರಿ ಹಸಿ ಕಟ್ಟಿಗೆಯನ್ನೇ ಒಲೆಗೆ ತುರುಕುತ್ತಿತ್ತು. ಒಣಗಿಸುವ ಗೋಜು ಯಾರಿಗೆ ಬೇಕು? ಮೇಲಾಗಿ ಹಸಿ ಕಟ್ಟಿಗೆ ನಿಧಾನ ಉರಿಯುತ್ತದೆ, ಪಾಕ ಬರುವುದು ತಡವಾಗುತ್ತದೆ. ತಡವಾದಷ್ಟೂ ಕೊಪ್ಪರಿಗೆಯ ಪಕ್ಕ ಕೂತು ನೊರೆ ನೆಕ್ಕಬಹುದಲ್ಲ.

ಬರಬರುತ್ತ ತಗ್ಗಿನ ತುಂಬ ಹೊಗೆ ಕಟ್ಟಿತು. ಮೊಲದ ಮರಿ ಕೆಮ್ಮಿ ಕೆಮ್ಮಿ ಹಾಲು ಕುಡಿಯುವುದನ್ನೇ ಬಿಟ್ಟಿತು. ಸೆಕೆಯೂ ಏರಿತು, ಕೆರೆ ಮೊಳದುದ್ದ ಇಳಿಯಿತು.

ಎಲ್ಲರೂ ಆಮೆಯಜ್ಜಿಯ ಹತ್ತಿರ ಹೋದರು. ಅಜ್ಜಿ ಹೇಳಿತು, "ಕಾಣುವ ಹೊಗೆ ಎದೆಗೆ ಕೂರುತ್ತೆ. ಅದರ ಜೊತೆಗೆ ಕಾಣದ ಉಸಿರೊಂದು ಒಲೆಯಿಂದ ಏಳುತ್ತೆ, ಅದು ಕಂಬಳಿ ಹೊದೆಸಿದ ಹಾಗೆ ಸೆಕೆ ಹಿಡಿದಿಡುತ್ತೆ. ಎರಡೂ ಒಟ್ಟಿಗೆ ತಗ್ಗಬೇಕು, ಖರ್ಚೂ ಕಮ್ಮಿ ಆಗಬೇಕು. ಕಟ್ಟಿಗೆ ಒಣಗಿಸಿ, ಒಲೆ ಬಾಯಿಗೆ ಮಣ್ಣಿನ ಮುಚ್ಚಳ ಹಾಕಿದರೆ ಸಾಕು ಅಂತ ನನಗೆ ಕಾಣುತ್ತೆ."

ನರಿ ಮನಸ್ಸಿನಲ್ಲೇ ಲೆಕ್ಕ ಹಾಕಿತು. ಒಣಗಿಸುವ ಕೆಲಸವೂ ತನ್ನ ತಲೆಗೆ, ನೊರೆಯೂ ಹೋಯಿತು.

"ಅದೆಲ್ಲ ಯಾಕಜ್ಜಿ? ಬಿದಿರಿನ ಕೊಳವೆ ಎತ್ತರಕ್ಕೆ ಕಟ್ಟಿಸಿ. ಹೊಗೆ ಗುಡ್ಡ ದಾಟಿ ಹೋಗುತ್ತೆ," ಎಂದಿತು.

"ಕಟ್ಟೋ ಕರಡಿಗೆ ಕೂಲಿ?" ಎಂದಿತು ಆನೆ. "ಮಳೆಗಾಲಕ್ಕೆ ಇಟ್ಟ ಜೇನೆಲ್ಲ ಕೇಳ್ತಾನೆ ಅವನು."

"ಕೊಟ್ಟರಾಯ್ತು ಬಿಡಣ್ಣ. ಮಗುವಿನ ಜೀವಕ್ಕಿಂತ ಜೇನು ಹೆಚ್ಚೇ?" ಎಂದು ನರಿ ಕಣ್ಣೊರೆಸಿಕೊಂಡಿತು.

"ಜಗಳ ಯಾಕೆ, ಎರಡನ್ನೂ ಚಿಕ್ಕದಾಗಿ ಮಾಡಿ ನೋಡೋಣ," ಎಂದಿತು ಅಜ್ಜಿ. ಮೊರದಗಲ ಮಣ್ಣಿನಲ್ಲಿ ತಗ್ಗು ಮಾಡಿತು, ಸುತ್ತ ಗುಡ್ಡ ಮಾಡಿತು, ಬೆರಳುದ್ದದ ಎರಡು ಒಲೆ ಇಟ್ಟಿತು. ಒಂದಕ್ಕೆ ಮುಚ್ಚಳ, ಇನ್ನೊಂದಕ್ಕೆ ಹುಲ್ಲಿನ ಕೊಳವೆ. ಎರಡಕ್ಕೂ ಒಣ ಕಡ್ಡಿ ಎಣಿಸಿ, ನೀರಿನ ಕುಡಿಕೆ ಇಟ್ಟು, ಕೆಂಡ ತರಲು ಹೋಯಿತು.

ಅಷ್ಟರಲ್ಲಿ ನರಿ, ಯಾರೂ ನೋಡದ ಹಾಗೆ ಮುಚ್ಚಳದ ಒಲೆಯ ಕಡ್ಡಿಗಳನ್ನು ಕೆರೆಯಲ್ಲಿ ಅದ್ದಿ, ಬಾಲದಿಂದ ಒರೆಸಿ, ಇದ್ದಲ್ಲೇ ಇಟ್ಟುಬಿಟ್ಟಿತು.

ಹಚ್ಚಿದಾಗ ಮುಚ್ಚಳದ ಒಲೆ ಬುಸುಬುಸು ಹೊಗೆ ಕಾರಿ ಆರಿಹೋಯಿತು. ಕೊಳವೆಯ ಹೊಗೆ ಮಣ್ಣಿನ ಗುಡ್ಡ ದಾಟಿತು. ಗುಡ್ಡದ ಆಚೆ ಅಜ್ಜಿ ಏನನ್ನೂ ಮಾಡಿರಲಿಲ್ಲ. ಅಲ್ಲಿ ಏನಿದೆಯೆಂದು ನರಿಯೂ ನೆನೆಯಲಿಲ್ಲ.

ಜೇನೆಲ್ಲ ಕರಡಿಯ ಹೊಟ್ಟೆಗೆ ಹೋಯಿತು, ಕೊಳವೆ ಎದ್ದಿತು. ಮೊಲದ ಮರಿಯ ಕೆಮ್ಮು ತುಸು ತಗ್ಗಿತು. ಸೆಕೆ ಮಾತ್ರ ತಗ್ಗಲಿಲ್ಲ, ಕೆರೆಯಲ್ಲಿ ಕೆಸರು ಕಂಡಿತು. ಕಟ್ಟಿಗೆ ಮೊದಲಿನಷ್ಟೇ ಉರಿಯುತ್ತಿತ್ತಲ್ಲ.

ಹದಿನೈದು ದಿನ ಕಳೆದ ಮೇಲೆ ಒಬ್ಬ ತಾಯಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗುಡ್ಡ ಇಳಿದು ಬಂದಳು. ನರಿಯ ಹೆಂಡತಿ. ಮರಿಯ ಕಣ್ಣು ಕೆಂಪಾಗಿತ್ತು, ಉಸಿರು ಸುಂಯ್ ಅನ್ನುತ್ತಿತ್ತು. ಅವಳು ಒಲೆಯ ಹಿಂದೆ ಇದ್ದ ಗಂಡನನ್ನು ನೋಡಲಿಲ್ಲ.

"ಹೊಗೆಯೆಲ್ಲ ನಮ್ಮ ಕಡೆ ಇಳೀತಿದೆ. ಈ ಕೊಳವೆ ಯಾರ ಬುದ್ಧಿ?" ಎಂದು ಕೇಳಿದಳು.

ನರಿ ಬಾಯಿ ತೆರೆಯುವ ಮೊದಲೇ ಆಮೆಯಜ್ಜಿ ಮುಂದೆ ಬಂದಿತು. "ನನ್ನದು ತಾಯಿ. ಪರೀಕ್ಷೆ ಮಾಡಿದವಳು ನಾನು. ವಯಸ್ಸಾಯ್ತು, ನನ್ನ ಲೆಕ್ಕ ತಪ್ಪಿತು. ಗುಡ್ಡದ ಆಚೆ ನೀವಿದ್ದೀರಿ ಅನ್ನೋದನ್ನೂ ಮರೆತೆ. ಕ್ಷಮಿಸಮ್ಮ," ಎಂದು ನೆಲಕ್ಕೆ ತಲೆ ಹಚ್ಚಿತು.

ಬೈದಿದ್ದರೆ ನರಿ ಏನಾದರೂ ಉತ್ತರ ಹೊಂದಿಸುತ್ತಿತ್ತು. ತನ್ನ ಹೆಂಡತಿಯ ಮುಂದೆ, ತಪ್ಪೇ ಮಾಡದ ಮುದುಕಿ ತಲೆ ಬಗ್ಗಿಸಿದ್ದನ್ನು ಅದಕ್ಕೆ ನೋಡಲಾಗಲಿಲ್ಲ. ಮೈಯೆಲ್ಲ ಹಿಡಿಯಷ್ಟಾಯಿತು.

"ಏಳಜ್ಜಿ," ಎಂದಿತು. "ಲೆಕ್ಕ ತಪ್ಪಿರಲಿಲ್ಲ. ಕಡ್ಡಿ ನೆನೆಸಿದ್ದು ನಾನು. ನೊರೆ ಆಸೆಗೆ."

ಹೆಂಡತಿ ಗಂಡನನ್ನು ಒಂದು ಸಲ ನೋಡಿ ಮುಖ ತಿರುಗಿಸಿದಳು.

ಅಜ್ಜಿ ಒಣ ಕಡ್ಡಿ ತಂದು ನರಿಯ ಮುಂದಿಟ್ಟಿತು. "ಈಗ ನೀನೇ ಹಚ್ಚಪ್ಪ."

ನರಿ ಪುಟ್ಟ ಒಲೆ ಹಚ್ಚಿ ಮುಚ್ಚಳ ಇಟ್ಟಿತು. ಎಳೆಯಷ್ಟು ಹೊಗೆ. ಅರ್ಧ ಕಡ್ಡಿಗೇ ನೀರು ಕುದಿಯಿತು. ಖರ್ಚು ಒಂದು ಮುದ್ದೆ ಮಣ್ಣು, ನಾಲ್ಕು ದಿನದ ಬಿಸಿಲು.

ಕೊಳವೆ ಇಳಿಯಿತು, ದೊಡ್ಡ ಒಲೆಗೂ ಮುಚ್ಚಳ ಬಿತ್ತು. ಅಂದಿನಿಂದ ಕಟ್ಟಿಗೆ ಒಣಗಿಸುವುದು ನರಿಯೇ. ಎರಡು ಕಡೆಯ ಮರಿಗಳ ಕೆಮ್ಮೂ ನಿಂತಿತು, ಸೆಕೆ ಮೆಲ್ಲಗೆ ಇಳಿಯಿತು. ಜೇನು ಮಾತ್ರ ವಾಪಸು ಬರಲಿಲ್ಲ. ಆ ಮಳೆಗಾಲ ಎಲ್ಲರೂ ಅರೆಹೊಟ್ಟೆ. ಆದರೂ ಮೊಲ ತನ್ನ ಪಾಲಿನ ಬೆಲ್ಲದಲ್ಲಿ ಒಂದು ಚೂರು ಮುರಿದು, ಎಲೆಯಲ್ಲಿ ಸುತ್ತಿ ತಂದಿತು.

"ನಿಮ್ಮ ಮರಿಗೆ ಕೊಡಿ ನರಿಯಣ್ಣ."

ನರಿ ಅದನ್ನು ತಗೊಂಡಿತು. ಮೊಲದ ಮುಖ ನೋಡಲಿಲ್ಲ.

ನೀತಿ: ನಮ್ಮ ಹೊಗೆಯನ್ನು ಬೇರೆಯವರ ಮನೆ ಕಡೆ ಅಟ್ಟಬಾರದು, ನಮ್ಮ ಒಲೆಯಲ್ಲೇ ಕಡಿಮೆ ಮಾಡಬೇಕು. ಎಲ್ಲರ ಒಳಿತಿಗೆ ಮಾಡುವ ಪರೀಕ್ಷೆಯಲ್ಲಿ ಮೋಸ ಮಾಡಿದರೆ ಅದು ನಮ್ಮ ಮಕ್ಕಳನ್ನೂ ಬಿಡುವುದಿಲ್ಲ.