ಪರದೆ ಮಾಡಿದ ಉಪಕಾರ

ವಿಶ್ವವಿದ್ಯಾಲಯದ ಸಂಗೀತ ಸಭಾಂಗಣದಲ್ಲಿ ಬೆಳಿಗ್ಗೆ ಪಾಠ, ಸಂಜೆ ಕಚೇರಿ. ವೇದಿಕೆಯ ಹಿಂದಿನ ಕರಿಹಲಗೆಯನ್ನು ಸಂಜೆಯಾದೊಡನೆ ಮಖಮಲ್ಲಿನ ಪರದೆ ಮುಚ್ಚುತ್ತಿತ್ತು.

"ಸಭಿಕರು ಬರುವುದು ಹಾಡು ಕೇಳಲು. ನಿನ್ನ ಸೀಮೆಸುಣ್ಣದ ಮುಖ ಅವರಿಗೇಕೆ?" ಎಂದಿತು ಪರದೆ.

"ಆಗಲಿ," ಎಂದಿತು ಕರಿಹಲಗೆ.

ಅಂದು, ಅಲ್ಲಿ ಪಾಠ ಹೇಳುವ ವಿದುಷಿ ವನಮಾಲಮ್ಮನವರದೇ ಕಚೇರಿ. ಅಪರೂಪದ ತಾಳದಲ್ಲಿ ಪಲ್ಲವಿ ಎತ್ತಿಕೊಂಡರು. ತಾಳ ಹಾಕುತ್ತಿದ್ದ ಸಭಿಕರ ಕೈಗಳು ಲೆಕ್ಕ ತಪ್ಪಿ ಒಂದೊಂದಾಗಿ ನಿಂತವು. ವಿದುಷಿ ಹಾಡು ನಿಲ್ಲಿಸಿ, "ಪರದೆ ಸರಿಸಿ. ಬೆಳಿಗ್ಗೆ ಮಕ್ಕಳಿಗೆ ಬರೆದುಕೊಟ್ಟ ಈ ತಾಳದ ಲೆಕ್ಕ ಹಲಗೆಯ ಮೇಲೇ ಇದೆ," ಎಂದರು. ಅದನ್ನು ನೋಡಿಕೊಂಡು ಇಡೀ ಸಭೆ ಕೊನೆಯವರೆಗೂ ತಾಳ ಹಾಕಿತು.

"ಇವತ್ತು ಕಚೇರಿ ಕಳೆಗಟ್ಟಿದ್ದು ನಿನ್ನಿಂದಲೇ," ಎಂದಿತು ಕರಿಹಲಗೆ.

"ನಾನೇನು ಮಾಡಿದೆ?" ಎಂದು ಪರದೆ ಕೇಳಿತು.

"ಪಕ್ಕಕ್ಕೆ ಸರಿದೆಯಲ್ಲ!"