ಕೆಸರಿನ ಮೀನಿಗೆ ಮೀಸೆ ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟ ಮುಟ್ಟಿದರೆ ಕೈಗೆ ಮಣ್ಣು ಮೆತ್ತುತ್ತಿತ್ತು. ಆಗ ಇಡೀ ಲೋಕಕ್ಕೆ ಒಂದೇ ಕೆರೆ, ಒಬ್ಬನೇ ಗಾಳಗಾರ. ಆ ಗಾಳಗಾರ ಯಾರು ಅಂದುಕೊಂಡೆ, ದೇವೀರಿ? ನಿನ್ನ ಮಾವ. ನಾನೇ!

ನಗಬೇಡ. ಆಗ ನನ್ನ ಮೀಸೆ ಎಷ್ಟು ಉದ್ದ ಇತ್ತು ಗೊತ್ತಾ? ಕಿವಿಗೆ ಸುತ್ತಿ, ಮಿಕ್ಕಿದ್ದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದೆ.

ಒಂದು ದಿನ ಗಾಳಿ ಆಟಕ್ಕೆಂದು ಕೆರೆಯನ್ನು ಕಲಕಿತು. ಒಂದು ಮೀನಿನ ಮರಿ ಅಮ್ಮನ ಮಗ್ಗುಲಿನಿಂದ ಜಾರಿ ಕೆಳಗೆ, ಕೆಳಗೆ, ಕತ್ತಲಿಗೆ ಹೋಯಿತು. ತಾಯಿ ಮುಳುಗಿ ಹುಡುಕಿದಳು. ಕೆಸರಲ್ಲಿ ಏನೂ ಕಾಣಲಿಲ್ಲ. ದಡಕ್ಕೆ ಬಂದು, "ಅಣ್ಣಾ, ನನ್ನ ಕೂಸು ಕೆಳಗಿದೆ. ಅದಕ್ಕೆ ದಾರಿ ಗೊತ್ತಿಲ್ಲ," ಎಂದಳು.

"ಅಳಬೇಡ ತಂಗಿ. ಗಾಳ ಯಾರ ಕೈಯಲ್ಲಿದೆ ನೋಡು!" ಎಂದೆ. ಕೊಕ್ಕೆ ಬಿಚ್ಚಿ ಎಸೆದೆ, ಮಗುವಿಗೆ ಚುಚ್ಚಬಾರದಲ್ಲ. ಬರೀ ಎರೆಹುಳ ಕಟ್ಟಿ, ಮೇಲೆ ಬೆಂಡು ಸಿಕ್ಕಿಸಿ ಬೀಸಿದೆ. ಬೆಂಡು ತೇಲಿತು. ಹುಳವೂ ಮೇಲೇ ನೇತಾಡಿತು.

ಕೆರೆ ಕಿಸಕ್ಕನೆ ನಕ್ಕಿತು. "ಏನಯ್ಯಾ ಮೀಸೆ, ಮಗು ಇರೋದು ನನ್ನ ಹೊಟ್ಟೆಯೊಳಗೆ. ನೀನು ನೆತ್ತಿ ಸವರ್ತಿದ್ದೀಯಲ್ಲ!"

ಬೆಂಡು ಕಿತ್ತೆ. ದೊಡ್ಡ ಕಲ್ಲು ಕಟ್ಟಿ, ಅದರ ಪಕ್ಕದಲ್ಲೇ ಹುಳ ಕಟ್ಟಿ ಎಸೆದೆ. ಕಲ್ಲು ಕೆಸರಲ್ಲಿ ಹೂತಿತು. ಹುಳವೂ ಹೂತಿತು.

"ನನ್ನ ತಳ ಎಂಥದು ಅಂತ ಒಂದು ಮಾತು ಕೇಳಬಾರದಾ?" ಎಂದಿತು ಕೆರೆ.

ಕೇಳಿದೆ. ಹೇಗೆ ಅಂತೀಯಾ? ಬುತ್ತಿಯ ರಾಗಿಮುದ್ದೆಯನ್ನು ಕಲ್ಲಿಗೆ ಮೆತ್ತಿ, ಇಳಿಸಿ ಎತ್ತಿದೆ. ದಡದ ಹತ್ತಿರ ಮುದ್ದೆಗೆ ಮರಳು ಅಂಟಿತು. ನಡುವಲ್ಲಿ ಇಳಿಸಿದರೆ ಕರೀ ಕೆಸರು. ಓಹೋ! ಹಾಗಾದರೆ ಹುಳ ಕಲ್ಲಿಗಿಂತ ಒಂದು ಗೇಣು ಮೇಲಿರಬೇಕು, ಕೆಸರಿನ ಮೇಲೆ ತೊಟ್ಟಿಲ ಹಾಗೆ ತೂಗಬೇಕು. ಆದರೆ ಒರಟು ದಾರ ಎಳೇ ಬಾಯಿಯನ್ನು ಕೊಯ್ಯುತ್ತದಲ್ಲ? ಮೆತ್ತನೆಯ ಎಳೆ ಬೇಕು.

ಕೆರೆ ನನ್ನ ಮೀಸೆ ನೋಡಿತು.

"ಅದೊಂದು ಬಿಟ್ಟು!" ಎಂದೆ.

ತಾಯಿ ನನ್ನ ಮುಖ ನೋಡುತ್ತಲೇ ಇದ್ದಳು.

ಕಿತ್ತೆ. ಕಣ್ಣಲ್ಲಿ ನೀರು ಬಂತು. ಗಾಳಿಗೆ, ಮತ್ತೇನಿಲ್ಲ.

ಮೀಸೆಯ ಎಳೆಗಳಲ್ಲಿ ಹುಳ ಕಟ್ಟಿ, ಕಲ್ಲಿಗಿಂತ ಗೇಣು ಮೇಲೆ ದಾರಕ್ಕೆ ಬಿಗಿದು ಇಳಿಬಿಟ್ಟೆ. ಕಾದೆ. ದಾರ ಟುಕ್ ಎಂದಿತು.

"ಮೆಲ್ಲಗೆ ಅಣ್ಣಾ, ಮೆಲ್ಲಗೆ," ಎಂದಳು ತಾಯಿ.

ಮೆಲ್ಲಗೆ ಎಳೆದೆ. ಪುಟ್ಟ ಮುಖ ಮೇಲೆ ಬಂತು. ಅಮ್ಮನನ್ನು ಕಂಡು ಎಷ್ಟು ಜೋರಾಗಿ ಚಿಮ್ಮಿತೆಂದರೆ, ಮೀಸೆ ದಾರದಿಂದ ಕಿತ್ತುಬಂದು ಅದರ ತುಟಿಯ ಎರಡೂ ಕಡೆ ಉಳಿದುಬಿಟ್ಟಿತು.

"ಬಿಡಿಸಲಾ ಕಂದಾ?"

"ಬೇಡಮ್ಮಾ. ಕತ್ತಲಲ್ಲಿ ಇದರಿಂದ ತಡವಿಕೊಂಡು ನಾನೇ ನಿನ್ನ ಹತ್ತಿರ ಬರ್ತೀನಿ."

ನನ್ನ ಮೀಸೆ ಮತ್ತೆ ಹಾಗೆ ಬೆಳೆಯಲಿಲ್ಲ. ಹೋಗಲಿ ಬಿಡು. ಇವತ್ತಿಗೂ ಮೀಸೆಮೀನು ಕೆಸರಿಗಿಳಿದ ಕೂಡಲೇ ಮೀಸೆ ಆಡಿಸುತ್ತಾ ಸುತ್ತಲೂ ತಡವುವುದು ಅದಕ್ಕೇ, ದೇವೀರಿ: ಅಮ್ಮ ಪಕ್ಕದಲ್ಲಿದ್ದಾಳಾ ಅಂತ ನೋಡಿಕೊಳ್ಳುತ್ತದೆ, ನೀನು ನಿದ್ದೆಗಣ್ಣಲ್ಲಿ ಕೈ ಚಾಚಿ ನೋಡಿಕೊಳ್ಳುವ ಹಾಗೆ.